ಫೋಟೋ ತಿದ್ದಲು ಕಂಪ್ಯೂಟರ್: ಹಣ ಮೊದಲು ಪರದೆಗೆ ಹೋಗಲಿ

ಉಡುಪಿ ಜಿಲ್ಲೆಯ ಸಹೋದರಿಯೊಬ್ಬರು ಉದ್ದನೆಯ ಪತ್ರ ಬರೆದಿದ್ದಾರೆ. ಮದುವೆ ಮನೆಗಳಲ್ಲಿ ಹೆಂಗಸರ ಕಡೆಯ ಫೋಟೋ ತೆಗೆಯುವುದು ಅವರ ಕೆಲಸ. ತಮ್ಮ ಮನೆಯ ಹೆಣ್ಣುಮಕ್ಕಳ ಫೋಟೋ ಹೊರಗಿನ ಸ್ಟುಡಿಯೋದ ಕಂಪ್ಯೂಟರಿಗೆ ಹೋಗಬಾರದೆಂದು ಬಯಸುವ ಕುಟುಂಬಗಳು ಇವರನ್ನೇ ಕರೆಯುತ್ತವೆ. ಫೋಟೋ ತೆಗೆಯುವುದು, ತಿದ್ದುವುದು, ಆಲ್ಬಂ ಜೋಡಿಸುವುದು ಎಲ್ಲವೂ ಅವರೇ. ಇದುವರೆಗೆ ಈ ಕೆಲಸವನ್ನು ಹಳೆಯ ಲ್ಯಾಪ್‌ಟಾಪಿನಲ್ಲಿ ಮಾಡುತ್ತಿದ್ದರು. ಕಳೆದ ಬಾರಿ ಲ್ಯಾಬಿನಿಂದ ಬಂದ ಆಲ್ಬಂ ತೆರೆದಾಗ ಮದುಮಗಳ ಮುಖ ಕಪ್ಪಿಟ್ಟಿತ್ತು, ಮೆರೂನ್ ಉಡುಪು ಕಾಫಿಪುಡಿಯ ಬಣ್ಣಕ್ಕೆ ತಿರುಗಿತ್ತು. ಇಡೀ ಆಲ್ಬಂ ಮತ್ತೊಮ್ಮೆ ಪ್ರಿಂಟ್ ಮಾಡಿಸಿ ಕೊಡಬೇಕಾಯಿತು. ಆ ಮದುವೆಯ ಸಂಪಾದನೆ ಅಲ್ಲಿಗೆ ಮುಗಿಯಿತು. ಕೇಳಿದರೆ ಲ್ಯಾಬಿನವರು, "ನೀವು ಕಳಿಸಿದ್ದೇ ಹಾಗೆ" ಎಂದರಂತೆ.

ಈಗ ಕೂಡಿಟ್ಟ ಹಣದಲ್ಲಿ ಡೆಸ್ಕ್‌ಟಾಪ್ ಕೊಳ್ಳಬೇಕೆಂದಿದ್ದಾರೆ. ಅಂಗಡಿಯಲ್ಲಿ ಬಣ್ಣಬಣ್ಣದ ದೀಪ ಮಿನುಗುವ ಗೇಮಿಂಗ್ ಪೆಟ್ಟಿಗೆಯೊಂದನ್ನು ತೋರಿಸಿ, ಜೊತೆಗೊಂದು ಮಾನಿಟರ್ ಕಡಿಮೆಗೆ ಹಾಕಿಕೊಡುತ್ತೇವೆ ಎಂದಿದ್ದಾರಂತೆ. ತೆಗೆದುಕೊಳ್ಳಲೇ ಎಂಬುದು ಅವರ ಪ್ರಶ್ನೆ.

ಸಹೋದರಿ, ಸ್ವಲ್ಪ ತಡೆಯಿರಿ. ಲ್ಯಾಬಿನವರ ಮಾತು ಕಹಿಯಾದರೂ ಬಹುಶಃ ನಿಜ. ನಿಮ್ಮ ಲ್ಯಾಪ್‌ಟಾಪಿನ ಪರದೆ ನಿಮಗೆ ಸುಳ್ಳು ಹೇಳುತ್ತಿತ್ತು. ಹೊಸ ಕಂಪ್ಯೂಟರ್ ಎಷ್ಟೇ ವೇಗದ್ದಾಗಿರಲಿ, ಅದಕ್ಕೆ ಜೋಡಿಸಿದ ಮಾನಿಟರ್ ಕೂಡ ಸುಳ್ಳು ಹೇಳುವಂಥದ್ದಾದರೆ ಅದೇ ತಪ್ಪನ್ನು ನೀವು ಇನ್ನಷ್ಟು ಬೇಗ ಮಾಡುತ್ತೀರಿ, ಅಷ್ಟೆ.

ಕಾರಣ ಸರಳ. ಪರದೆ ತಾನೇ ಬೆಳಕು ಸೂಸುತ್ತದೆ. ಕಾಗದಕ್ಕೆ ಸ್ವಂತ ಬೆಳಕಿಲ್ಲ, ಕೋಣೆಯ ಬೆಳಕನ್ನು ಪ್ರತಿಫಲಿಸುತ್ತದೆ. ಹಗಲಿನಲ್ಲಿ ಕಾಣಲೆಂದು ನಾವು ಲ್ಯಾಪ್‌ಟಾಪಿನ ಬ್ರೈಟ್‌ನೆಸ್ ಪೂರ್ತಿ ಏರಿಸಿ ಇಟ್ಟಿರುತ್ತೇವೆ. ಆಗ ಪರದೆಯ ಹೊಳಪು 250-300 ನಿಟ್‌ನಷ್ಟಿರುತ್ತದೆ. ನಿಟ್ ಎಂದರೆ ಪರದೆಯ ಹೊಳಪನ್ನು ಅಳೆಯುವ ಮಾನ. ಪ್ರಿಂಟಿಗಾಗಿ ಫೋಟೋ ತಿದ್ದುವವರು ಇಟ್ಟುಕೊಳ್ಳಬೇಕಾದದ್ದು 80ರಿಂದ 120 ನಿಟ್. ಅಷ್ಟೊಂದು ಹೊಳಪಿನ ಪರದೆಯಲ್ಲಿ ಮುಖ ತೀರಾ ಬೆಳ್ಳಗೆ ಕಂಡು ನೀವು ಅದನ್ನು ತುಸು ಇಳಿಸುತ್ತೀರಿ. ಪರದೆಯಲ್ಲಿ ಅದು ಸರಿಯಾಗಿ ಕಾಣುತ್ತದೆ, ಕಾಗದದ ಮೇಲೆ ಕಪ್ಪಾಗುತ್ತದೆ. ಕ್ಯಾಮೆರಾ, ಲ್ಯಾಬ್, ಫೋಟೋಶಾಪ್ ಯಾವುದೂ ಇಲ್ಲಿ ತಪ್ಪು ಮಾಡಿಲ್ಲ.

ಇನ್ನು ಬಣ್ಣ. ಪ್ರತಿಯೊಂದು ಪರದೆಗೂ ತೋರಿಸಬಲ್ಲ ಬಣ್ಣಗಳ ಒಂದು ಎಲ್ಲೆಯಿದೆ. ಹ್ಯೂಲೆಟ್ ಪ್ಯಾಕರ್ಡ್ ಮತ್ತು ಮೈಕ್ರೋಸಾಫ್ಟ್ ಕಂಪೆನಿಗಳು 1996ರಲ್ಲಿ ಎಸ್‌ಆರ್‌ಜಿಬಿ ಎಂಬ ಅಳತೆಗೋಲನ್ನು ರೂಪಿಸಿದವು. ಇಂದಿಗೂ ಹೆಚ್ಚಿನ ಕೆಲಸಕ್ಕೆ ಅದೇ ಆಧಾರ. ಅಗ್ಗದ ಲ್ಯಾಪ್‌ಟಾಪುಗಳ ವಿವರಪಟ್ಟಿಯಲ್ಲಿ '45 ಶೇಕಡಾ ಎನ್‌ಟಿಎಸ್‌ಸಿ' ಎಂದು ಬರೆದಿರುವುದನ್ನು ನೋಡಬಹುದು. ಎನ್‌ಟಿಎಸ್‌ಸಿ ಇನ್ನೊಂದು ಹಳೆಯ ಅಳತೆಗೋಲು. ಅದರ 72 ಶೇಕಡಾ ಎಂದರೆ ಸುಮಾರಾಗಿ ಪೂರ್ತಿ ಎಸ್‌ಆರ್‌ಜಿಬಿಯಷ್ಟು. ಹಾಗಾಗಿ 45 ಎಂದರೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಬಣ್ಣ ಮಾತ್ರ. ಮೆರೂನ್, ಕಡುಕೆಂಪು, ಮೆಹಂದಿಯ ಕಿತ್ತಳೆ ಛಾಯೆ, ಚಿನ್ನದ ಹಳದಿ ಎಲ್ಲವೂ ಇಂಥ ಪರದೆಯಲ್ಲಿ ನೀರು ಬೆರೆಸಿದಂತೆ ಕಾಣುತ್ತವೆ. ಅದನ್ನು ಕಂಡು ನೀವು ಬಣ್ಣ ಗಾಢವಾಗಿಸುತ್ತೀರಿ. ಪ್ರಿಂಟಿನಲ್ಲಿ ಅದು ಮಿತಿ ಮೀರಿ ಬರುತ್ತದೆ. ನಮ್ಮ ಮದುವೆಗಳಲ್ಲಿ ಇರುವುದೆಲ್ಲ ಇವೇ ಬಣ್ಣಗಳಾದ್ದರಿಂದ ಪೆಟ್ಟು ಇನ್ನಷ್ಟು ಜೋರು.

ಆದ್ದರಿಂದ ಕೈಯಲ್ಲಿರುವ ಪ್ರತಿ ನೂರು ರೂಪಾಯಿಯಲ್ಲಿ ಮೂವತ್ತೈದನ್ನಾದರೂ ಮಾನಿಟರಿಗೆಂದು ಮೊದಲೇ ತೆಗೆದಿಡಿ. ಉಳಿದುದರಲ್ಲಿ ಕಂಪ್ಯೂಟರ್. ಅಂಗಡಿಯವರು ಇದನ್ನು ತಿರುವುಮುರುವಾಗಿ ಹೇಳುತ್ತಾರೆ. ಪೆಟ್ಟಿಗೆಗೇ ಎಲ್ಲ ಹಣ ಸುರಿದು ಕೊನೆಗೆ ಯಾವುದಾದರೊಂದು ಮಾನಿಟರ್! ಮೂರು ನಾಲ್ಕು ವರ್ಷಕ್ಕೆ ಕಂಪ್ಯೂಟರ್ ಹಳತಾಗುತ್ತದೆ. ಒಳ್ಳೆಯ ಮಾನಿಟರ್ ಎರಡು ಕಂಪ್ಯೂಟರಿನ ಕಾಲ ಬಾಳುತ್ತದೆ.

ಮಾನಿಟರ್ ಕೊಳ್ಳುವಾಗ ಮೊದಲು ಕೇಳಬೇಕಾದ ಪದ ಐಪಿಎಸ್. ಪರದೆಯೊಳಗಿನ ಪ್ಯಾನೆಲಿನಲ್ಲಿ ಸಾಮಾನ್ಯವಾಗಿ ಟಿಎನ್, ವಿಎ, ಐಪಿಎಸ್ ಎಂಬ ಮೂರು ಬಗೆ. ಟಿಎನ್ ಪರದೆಯ ಮುಂದೆ ಕುಳಿತು ತಲೆ ತುಸು ಮೇಲೆ ಕೆಳಗೆ ಮಾಡಿದರೆ ಸಾಕು, ಮುಖದ ಬಣ್ಣ ಬದಲಾಗುತ್ತದೆ. ಫೋಟೋ ಕೆಲಸಕ್ಕೆ ಅದು ಬೇಡವೇ ಬೇಡ. ವಿಎ ಪ್ಯಾನೆಲಿನಲ್ಲಿ ಕಪ್ಪು ಬಣ್ಣ ಚೆನ್ನಾಗಿ ಕಾಣುತ್ತದೆ, ಸಿನಿಮಾ ನೋಡಲು ಚಂದ. ಆದರೆ ಬದಿಯಿಂದ ನೋಡಿದಾಗ ಛಾಯೆ ಜಾರುತ್ತದೆ. ಐಪಿಎಸ್‌ನಲ್ಲಿ ಮಾತ್ರ ನೀವೂ, ಪಕ್ಕದಲ್ಲಿ ಕುಳಿತ ಮದುಮಗಳ ತಾಯಿಯೂ ಹೆಚ್ಚುಕಡಿಮೆ ಒಂದೇ ಬಣ್ಣ ನೋಡುತ್ತೀರಿ. ಎರಡನೆಯದು, 'ಎಸ್‌ಆರ್‌ಜಿಬಿ 99 ಅಥವಾ 100 ಶೇಕಡಾ' ಎಂದು ವಿವರಪಟ್ಟಿಯಲ್ಲಿ ಬರೆದಿರಬೇಕು. 'ಡೆಲ್ಟಾ ಇ 2ಕ್ಕಿಂತ ಕಡಿಮೆ' ಎಂದಿದ್ದರೆ ಇನ್ನೂ ಒಳ್ಳೆಯದು. ತೋರಿಸಬೇಕಾದ ಬಣ್ಣಕ್ಕೂ ನಿಜವಾಗಿ ತೋರಿಸುವ ಬಣ್ಣಕ್ಕೂ ಇರುವ ಅಂತರವೇ ಡೆಲ್ಟಾ ಇ. ಅದು ಚಿಕ್ಕದಾದಷ್ಟೂ ಮೇಲು. ಡೆಲ್‌ನ ಅಲ್ಟ್ರಾಶಾರ್ಪ್, ಬೆನ್‌ಕ್ಯೂನ ಪಿಡಿ, ಏಸಸ್‌ನ ಪ್ರೊಆರ್ಟ್ ಮುಂತಾದ ಸಾಲುಗಳು ಈ ಕೆಲಸಕ್ಕೆಂದೇ ಬಂದವು. ಇವೇ ಆಗಬೇಕೆಂದಿಲ್ಲ. ಅಂಗಡಿಯಲ್ಲಿ ಹೆಸರು ಹಿಡಿದು ಕೇಳಲು ಅನುಕೂಲವಾಗಲೆಂದು ಹೇಳಿದೆ.

ಅಡೋಬಿ ಆರ್‌ಜಿಬಿ ಎಂಬ ಇನ್ನೂ ದೊಡ್ಡ ಎಲ್ಲೆಯ ಮಾನಿಟರುಗಳಿವೆ. ಮುಖ್ಯವಾಗಿ ಹಸಿರು ಮತ್ತು ಹಸಿರುನೀಲಿಯ ಕಡೆ ಅವು ಹೆಚ್ಚು ತೋರಿಸುತ್ತವೆ. ಬೆಲೆಯೂ ಹಾಗೆಯೇ. ಆಲ್ಬಂ ಮುದ್ರಿಸುವ ಹೆಚ್ಚಿನ ಲ್ಯಾಬುಗಳು ಕೇಳುವುದು ಎಸ್‌ಆರ್‌ಜಿಬಿ ಜೆಪೆಗ್ ಫೈಲನ್ನೇ. ಹಾಗಾದರೆ ಅಷ್ಟು ಹಣ ಏಕೆ? ನಿಮ್ಮ ಲ್ಯಾಬಿಗೆ ಒಂದು ಫೋನ್ ಮಾಡಿ ಕೇಳಿಕೊಳ್ಳಿ, ನಂತರ ನಿರ್ಧರಿಸಿ.

ಗಾತ್ರದಲ್ಲಿ ಒಂದು ಮೋಸ ಅಡಗಿದೆ. 27 ಇಂಚಿನ ಮಾನಿಟರ್ ಅಗ್ಗಕ್ಕೆ ಸಿಕ್ಕಿತೆಂದು ತಂದು ನೋಡಿದರೆ ಅದು ಫುಲ್ ಎಚ್‌ಡಿ, ಅಂದರೆ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆ. ಅಷ್ಟು ದೊಡ್ಡ ಪರದೆಗೆ ಈ ಚುಕ್ಕೆಗಳು ಸಾಲವು. ಒಂದು ಇಂಚಿಗೆ 82 ಚುಕ್ಕೆಯಷ್ಟೇ ಬರುತ್ತದೆ, ಕಣ್ರೆಪ್ಪೆ, ಜರಿಯ ಎಳೆ ಒರಟಾಗಿ ಕಾಣುತ್ತವೆ. ಅದೇ ಫುಲ್ ಎಚ್‌ಡಿ 24 ಇಂಚಿನಲ್ಲಿದ್ದರೆ ಇಂಚಿಗೆ 92, ಕೆಲಸ ನಡೆಯುತ್ತದೆ. 27 ಇಂಚು ಬೇಕೆಂದರೆ 2560 ಅಡ್ಡ 1440 ಚುಕ್ಕೆಯದನ್ನು ಕೇಳಿ. ಇಂಚಿಗೆ 109 ಬರುತ್ತದೆ. ನನ್ನ ಮಟ್ಟಿಗೆ ಆಲ್ಬಂ ಕೆಲಸಕ್ಕೆ ಇದೇ ಹದವಾದದ್ದು. 4ಕೆ ಪರದೆ ಇನ್ನೂ ನಯವಾಗಿ ತೋರಿಸುತ್ತದೆ. ಆದರೆ ಅಕ್ಷರಗಳು ಚಿಕ್ಕದಾಗಿ ಎಲ್ಲವನ್ನೂ ಹಿಗ್ಗಿಸಿ ನೋಡಬೇಕಾಗುತ್ತದೆ. ಬಾಗಿದ ಪರದೆ ಬೇಡ, ಅದರಲ್ಲಿ ನೇರ ಗೆರೆ ನೇರವಾಗಿದೆಯೇ ಎಂದು ತಿಳಿಯುವುದು ಕಷ್ಟ. 144 ಹರ್ಟ್ಸ್, 165 ಹರ್ಟ್ಸ್ ಎಂದು ಹೊಗಳುವ ವೇಗ ಆಟವಾಡುವ ಹುಡುಗರಿಗೆ. ನಿಂತಿರುವ ಫೋಟೋಗೆ ಅದರಿಂದ ಏನೂ ಆಗಬೇಕಾದ್ದಿಲ್ಲ. ಮನೆಯ ಟಿವಿಗೇ ಜೋಡಿಸಿದರಾಗದೇ ಎಂದು ಕೇಳುವವರೂ ಇದ್ದಾರೆ. ಟಿವಿಗಳು ಚಿತ್ರವನ್ನು ತಾವೇ ಹರಿತಗೊಳಿಸಿ, ಬಣ್ಣ ಹೆಚ್ಚಿಸಿ ತೋರಿಸುತ್ತವೆ. ಅದು ನೋಡಲು ಚೆಂದ, ಅಳೆಯಲು ಅಲ್ಲ.

ಅಂಗಡಿಗೆ ಹೋಗುವಾಗ ಪೆನ್‌ಡ್ರೈವಿನಲ್ಲಿ ನಿಮ್ಮದೇ ಒಂದು ಫೋಟೋ, ಕೈಚೀಲದಲ್ಲಿ ಅದೇ ಫೋಟೋದ ಒಳ್ಳೆಯ ಪ್ರಿಂಟ್ ಇರಲಿ. ಗಿರಾಕಿಗಳ ಫೋಟೋ ಬೇಡ, ನಿಮ್ಮ ತೋಟದ ಹೂವಿನದೋ ತೊಟ್ಟಿಲ ಮಗುವಿನದೋ ಆಗಲಿ. ಮಾನಿಟರಿನಲ್ಲಿ ತೆರೆದು ಎದುರಿನಿಂದ, ಎಡದಿಂದ, ಬಲದಿಂದ, ಮೇಲಿನಿಂದ ನೋಡಿ. ಪರದೆ ಪೂರ್ತಿ ಬಿಳಿ, ಪೂರ್ತಿ ಕಪ್ಪು ಮಾಡಿಸಿ, ಸತ್ತ ಚುಕ್ಕೆಗಳಿವೆಯೇ ಎಂದು ಹುಡುಕಿ. ಎಷ್ಟು ಚುಕ್ಕೆ ಸತ್ತಿದ್ದರೆ ಬದಲಿಸಿ ಕೊಡುತ್ತಾರೆ ಎಂಬುದನ್ನು ಹಣ ಕೊಡುವ ಮುನ್ನವೇ ಕೇಳಿ. ಇನ್ನೊಂದು ಮಾತು. ಬಣ್ಣ ನೋಡಲು ಮಗನನ್ನೋ ತಮ್ಮನನ್ನೋ ಕಳಿಸದೆ ನೀವೇ ಹೋಗಿ. ಕೆಂಪು ಹಸಿರಿನ ಅಂತರ ಸರಿಯಾಗಿ ತಿಳಿಯದ ಬಣ್ಣಗುರುಡು ಹುಟ್ಟಿನಿಂದಲೇ ಬರುವಂಥದ್ದು, ಅದು ಗಂಡಸರಲ್ಲಿ ಹೆಂಗಸರಿಗಿಂತ ಬಹಳ ಹೆಚ್ಚು. ಎಷ್ಟೋ ಮಂದಿಗೆ ತಮಗೆ ಅದು ಇದೆಯೆಂದೇ ಗೊತ್ತಿರುವುದಿಲ್ಲ.

ಮನೆಗೆ ತಂದ ಮಾನಿಟರನ್ನು ಹಾಗೆಯೇ ಬಳಸಬೇಡಿ. ಅಂಗಡಿಯಲ್ಲಿ ಕಣ್ಣು ಕುಕ್ಕಲೆಂದು ಅದನ್ನು ಅತಿ ಹೊಳಪಿಗೆ ಇಟ್ಟಿರುತ್ತಾರೆ. ಮೆನುವಿನಲ್ಲಿ ಎಸ್‌ಆರ್‌ಜಿಬಿ ಮೋಡ್ ಇದ್ದರೆ ಅದನ್ನು ಆರಿಸಿ. ಡೈನಾಮಿಕ್ ಕಾಂಟ್ರಾಸ್ಟ್, ಕಣ್ಣಿನ ರಕ್ಷಣೆಯ ಮೋಡ್, ವಿಂಡೋಸಿನ ನೈಟ್ ಲೈಟ್ ಎಲ್ಲವನ್ನೂ ಕೆಲಸದ ಹೊತ್ತಿಗೆ ಆರಿಸಿಬಿಡಿ. ರಾತ್ರಿ ಹತ್ತಕ್ಕೆ ನೈಟ್ ಲೈಟ್ ತಾನಾಗಿ ಹತ್ತಿಕೊಂಡು ಪರದೆ ಹಳದಿಯಾದದ್ದು ಗೊತ್ತಾಗದೆ ಐವತ್ತು ಫೋಟೋಗಳನ್ನು ನೀಲಿಗೆ ತಿರುಗಿಸುವುದು ಕಷ್ಟವೇನಲ್ಲ! ಸರಿಯಾದ ದಾರಿಯೆಂದರೆ ಪರದೆಯ ಮೇಲೆ ತೂಗುಬಿಟ್ಟು ಬಣ್ಣ ಅಳೆಯುವ ಕ್ಯಾಲಿಬ್ರೇಟರ್. ಸ್ಪೈಡರ್, ಕ್ಯಾಲಿಬ್ರೈಟ್ ಎಂಬ ಹೆಸರುಗಳಲ್ಲಿ ಸಿಗುತ್ತದೆ. 6500 ಕೆಲ್ವಿನ್ ಬಿಳುಪು, 2.2 ಗಾಮಾ, 100 ನಿಟ್ ಆಸುಪಾಸಿನ ಹೊಳಪು ಎಂದು ಹೊಂದಿಸಿದರೆ ಸಾಕು. ತಿಂಗಳಿಗೊಮ್ಮೆ ಬೇಕಾಗುವ ಸಾಧನವಾದ್ದರಿಂದ ನಾಲ್ಕು ಜನ ಸೇರಿ ಒಂದನ್ನು ಕೊಂಡರೂ ಆದೀತು.

ಅದಕ್ಕೂ ಹಣವಿಲ್ಲವೇ? ಹಳೆಯ ಉಪಾಯವೊಂದಿದೆ. ಒಂದು ಫೋಟೋವನ್ನು ಏನೂ ತಿದ್ದದೆ ನಿಮ್ಮ ಲ್ಯಾಬಿನಲ್ಲೇ ಪ್ರಿಂಟ್ ಮಾಡಿಸಿ. "ನೀವೂ ಏನೂ ತಿದ್ದಬೇಡಿ" ಎಂದು ಅವರಿಗೂ ಹೇಳಿ. ಆ ಪ್ರಿಂಟನ್ನು ಒಳ್ಳೆಯ ಬಿಳಿ ಬೆಳಕಿನಲ್ಲಿ ಪರದೆಯ ಪಕ್ಕ ಹಿಡಿದು, ಎರಡೂ ಒಂದೇ ರೀತಿ ಕಾಣುವವರೆಗೆ ಮಾನಿಟರಿನ ಹೊಳಪನ್ನು ಇಳಿಸಿ. ಮುಕ್ಕಾಲು ಸಮಸ್ಯೆ ಅಲ್ಲೇ ಬಗೆಹರಿಯುತ್ತದೆ. ಪತ್ರ ಬರೆದ ಸಹೋದರಿ ಇದನ್ನು ಹೊಸದನ್ನು ಕೊಳ್ಳುವ ಮೊದಲು ಹಳೆಯ ಲ್ಯಾಪ್‌ಟಾಪಿನಲ್ಲೇ ಮಾಡಿ ನೋಡಲಿ.

ಕೋಣೆಯನ್ನೂ ನೋಡಿಕೊಳ್ಳಿ. ನಮ್ಮ ಮನೆಗಳ ಗೋಡೆಗೆ ಗಿಳಿಹಸಿರೋ ಗುಲಾಬಿಯೋ ಬಳಿದಿರುತ್ತಾರೆ. ಆ ಬಣ್ಣ ಪರದೆಯ ಮೇಲೂ ನಿಮ್ಮ ಕಣ್ಣಿನ ಮೇಲೂ ಬೀಳುತ್ತದೆ. ಬೂದು ಅಥವಾ ಬಿಳಿ ಗೋಡೆಯ ಮೂಲೆ ಸಿಕ್ಕರೆ ಅದೇ ಇರಲಿ. ಕಿಟಕಿ ಬೆನ್ನ ಹಿಂದೆ ಬರದಂತೆ ಮೇಜು ಹಾಕಿ.

ಪರದೆ ಸರಿಯಾದ ಮೇಲೆ ಇನ್ನೊಂದು ಲಾಭ ನಿಮಗೇ ಕಾಣುತ್ತದೆ. "ಮುಖ ಸ್ವಲ್ಪ ಬೆಳ್ಳಗೆ ಮಾಡಿಕೊಡಿ" ಎಂದು ಕೇಳದ ಮನೆ ಕಡಿಮೆ. ಮುಖ ಮಾತ್ರ ಸುಣ್ಣ ಬಳಿದಂತಾಗಿ, ಮೆಹಂದಿ ಹಚ್ಚಿದ ಕೈ ಬೇರೆಯವರದೆಂಬಂತೆ ಕಾಣುವ ಆಲ್ಬಂಗಳು ಎಷ್ಟಿಲ್ಲ! ಹುಡುಗಿಯ ಬಣ್ಣ ಹೇಗಿದೆಯೋ ಹಾಗೆ ಚೆಲುವಾಗಿ ಬಂದಾಗ ಈ ಬೇಡಿಕೆ ಎಷ್ಟೋ ಬಾರಿ ತಾನಾಗಿಯೇ ನಿಂತುಹೋಗುತ್ತದೆ.

ಈಗ ಕಂಪ್ಯೂಟರ್. ನಮ್ಮ ಕಡೆ ಇಡೀ ಪೆಟ್ಟಿಗೆಯನ್ನೇ 'ಸಿಪಿಯು' ಎನ್ನುತ್ತಾರೆ. ಅಂಗಡಿಯವರು ಅದನ್ನು ಕ್ಯಾಬಿನೆಟ್ ಎಂದು ಕರೆದು, ಒಳಗಿನ ಚಿಪ್ಪಿಗೆ ಪ್ರೊಸೆಸರ್ ಎನ್ನುತ್ತಾರೆ. ಎಷ್ಟು ಶಕ್ತಿ ಬೇಕೆಂದು ತಿಳಿಯಲು ಸಣ್ಣ ಲೆಕ್ಕ ಮಾಡೋಣ. ಮದುವೆ ಆಲ್ಬಮಿನ ಒಂದು ಹಾಳೆ ತೆರೆದಾಗ 12 ಇಂಚು ಎತ್ತರ, 36 ಇಂಚು ಅಗಲ ಎಂದುಕೊಳ್ಳಿ. ಇಂಚಿಗೆ 300 ಚುಕ್ಕೆಯಂತೆ ಅದು 3600 ಗುಣಿಸು 10800, ಅಂದರೆ ಸುಮಾರು 3 ಕೋಟಿ 89 ಲಕ್ಷ ಚುಕ್ಕೆಗಳು. ಪ್ರತಿ ಚುಕ್ಕೆಗೆ ಮೂರು ಬೈಟ್ ಹಿಡಿದರೆ ಒಂದೇ ಪದರಕ್ಕೆ ಸುಮಾರು 117 ಎಂಬಿ. ಹಿನ್ನೆಲೆ, ಚೌಕಟ್ಟು, ಹೂವಿನ ಅಲಂಕಾರ, ನಾಲ್ಕಾರು ಫೋಟೋ ಎಂದು ಪೂರ್ಣ ಗಾತ್ರದ ಹತ್ತು ಪದರವಾದರೆ ಒಂದು ಜಿಬಿ ದಾಟಿತು. ನೀವು ಮಾಡಿದ ತಿದ್ದುಪಡಿಗಳ ನೆನಪನ್ನೂ ಫೋಟೋಶಾಪ್ ಇಟ್ಟುಕೊಳ್ಳಬೇಕು. ಆದ್ದರಿಂದ 8 ಜಿಬಿ ರ್‍ಯಾಮ್‌ನಲ್ಲಿ ಆಲ್ಬಂ ಕೆಲಸ ಎಂದರೆ ಒಂದೇ ಒಲೆಯಲ್ಲಿ ಮದುವೆಯ ಅಡುಗೆ ಮಾಡಿದಂತೆ. 16 ಜಿಬಿ ಕನಿಷ್ಠ, 32 ಆರಾಮ. 2025ರ ಕೊನೆಯ ತಿಂಗಳುಗಳಲ್ಲಿ ರ್‍ಯಾಮ್ ಬೆಲೆ ವಿಪರೀತ ಏರಿತು. ಕೃತಕ ಬುದ್ಧಿಮತ್ತೆಯ ದೊಡ್ಡ ಕೇಂದ್ರಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಂಡದ್ದು ಅದಕ್ಕೆ ಕಾರಣ. ಹಾಗಾಗಿ ಈಗ 16 ಹಾಕಿಸಿ, ಮದರ್‌ಬೋರ್ಡಿನಲ್ಲಿ ಖಾಲಿ ಜಾಗ ಉಳಿಯುವಂತೆ ನೋಡಿಕೊಂಡರೆ ಮುಂದೆ ಸೇರಿಸಬಹುದು.

ಪ್ರೊಸೆಸರಿಗೆ ಹೆಚ್ಚು ತಲೆ ಕೆಡಿಸಿಕೊಳ್ಳುವುದು ಬೇಡ. ಇಂಟೆಲ್‌ನ ಐ5 ಮಟ್ಟದ್ದು ಅಥವಾ ಎಎಂಡಿಯ ರೈಜೆನ್ 5, ಆರು ಕೋರ್ ಇದ್ದರೆ ಸಾಕು. ಫೋಟೋಶಾಪಿನ ಎಷ್ಟೋ ಕೆಲಸ ಒಂದೆರಡು ಕೋರ್‌ಗಳ ವೇಗದ ಮೇಲೆ ನಿಂತಿದೆ. ಹೆಚ್ಚು ಕೋರ್ ಬೇಕಾಗುವುದು ಸಾವಿರಾರು ಫೋಟೋಗಳನ್ನು ಒಟ್ಟಿಗೆ ಎಕ್ಸ್‌ಪೋರ್ಟ್ ಮಾಡುವಾಗ. ಆಗ ಎದ್ದು ಹೋಗಿ ಚಹಾ ಮಾಡಿಕೊಂಡು ಬನ್ನಿ, ಆ ಹತ್ತು ನಿಮಿಷಕ್ಕಾಗಿ ದುಬಾರಿ ಚಿಪ್ ಬೇಕಿಲ್ಲ. ಒಂದು ಎಚ್ಚರಿಕೆ: ಹೆಸರಿನ ಕೊನೆಯಲ್ಲಿ 'ಎಫ್' ಎಂದಿರುವ ಪ್ರೊಸೆಸರುಗಳಲ್ಲಿ ಚಿತ್ರ ತೋರಿಸುವ ಭಾಗವೇ ಇರುವುದಿಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕದಿದ್ದರೆ ಪರದೆ ಬೆಳಗುವುದೇ ಇಲ್ಲ.

ಗ್ರಾಫಿಕ್ಸ್ ಕಾರ್ಡ್ ಬೇಕೇ ಎಂಬುದು ನಿಮ್ಮ ಫೋಟೋಗಳ ಮೇಲೆ ನಿಂತಿದೆ. ಸಾಧಾರಣ ತಿದ್ದುವಿಕೆಗೆ ಪ್ರೊಸೆಸರಿನೊಳಗಿನದೇ ಸಾಲುತ್ತದೆ. ಆದರೆ ರಾತ್ರಿ ಹೊತ್ತು, ಮಂದ ಬೆಳಕಿನ ಹಾಲ್‌ನಲ್ಲಿ ಫ್ಲಾಶ್ ಇಲ್ಲದೆ ತೆಗೆದ ಫೋಟೋಗಳಲ್ಲಿ ಮರಳು ಚೆಲ್ಲಿದಂಥ ಕಾಳುಗಳಿರುತ್ತವೆ. ಅವನ್ನು ಒರೆಸುವ ಹೊಸ ಸೌಲಭ್ಯ 2023ರ ಏಪ್ರಿಲ್‌ನಲ್ಲಿ ಲೈಟ್‌ರೂಮಿಗೆ ಬಂತು. ಅದು ಗ್ರಾಫಿಕ್ಸ್ ಕಾರ್ಡಿನ ಬಲದಿಂದಲೇ ನಡೆಯುವಂಥದ್ದು. ಒಳ್ಳೆಯ ಕಾರ್ಡ್ ಇದ್ದರೆ ಒಂದು ಫೋಟೋಗೆ ಸೆಕೆಂಡುಗಳು, ಇಲ್ಲದಿದ್ದರೆ ನಿಮಿಷಗಳು. ಇದನ್ನು ದಿನವೂ ಬಳಸುವವರು 8 ಜಿಬಿ ಮೆಮೊರಿಯ ಕಾರ್ಡ್ ನೋಡಲಿ. ಈಗ ಹಣ ಸಾಲದಿದ್ದರೆ ಮುಂದಿನ ವರ್ಷ ಹಾಕಿಸಬಹುದು. ಅದಕ್ಕಾಗಿ ಎಸ್‌ಎಂಪಿಎಸ್ ಮಾತ್ರ ಈಗಲೇ ತಕ್ಕಷ್ಟು ಬಲವಾದದ್ದು, ಹೆಸರಿರುವ ಕಂಪೆನಿಯದ್ದು ಆಗಿರಲಿ. ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆ ಬರುವ ಎಸ್‌ಎಂಪಿಎಸ್ ಸುಟ್ಟುಹೋದರೆ ಕೆಲವೊಮ್ಮೆ ಮದರ್‌ಬೋರ್ಡನ್ನೂ ಜೊತೆಗೆ ಕರೆದೊಯ್ಯುತ್ತದೆ.

ಆ್ಯಪಲ್ ಬಯಸುವವರಿಗೆ 2024ರ ನವೆಂಬರಿನಲ್ಲಿ ಬಂದ ಎಂ4 ಮ್ಯಾಕ್ ಮಿನಿ ಅಗ್ಗದ ದಾರಿ, ಕನಿಷ್ಠವೇ 16 ಜಿಬಿ. ಮಾನಿಟರ್ ನಿಮಗೆ ಬೇಕಾದ್ದು ಜೋಡಿಸಬಹುದು. ಆದರೆ ಅದರ ರ್‍ಯಾಮ್ ಆಮೇಲೆ ಹೆಚ್ಚಿಸಲು ಬರುವುದಿಲ್ಲ. ಅಗ್ಗಕ್ಕೆ ಸಿಗುವ ಹಳೆಯ ಆಫೀಸ್ ಕಂಪ್ಯೂಟರುಗಳೂ ಕೆಟ್ಟವಲ್ಲ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ. ವಿಂಡೋಸ್ 11 ನಿಯಮದಂತೆ ಓಡಬೇಕಾದರೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಅದರ ನಂತರದ್ದು ಬೇಕು. 'ಐ7' ಎಂಬ ದೊಡ್ಡ ಅಕ್ಷರ ನೋಡಿ 4ನೇ ತಲೆಮಾರಿನದಕ್ಕೆ ಹಣ ಕೊಡಬೇಡಿ. ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋದರೆ ಎಲ್ಲವೂ ಸಿಗುತ್ತದೆ, ನಾಲ್ಕು ಅಂಗಡಿಯ ದರ ಕೇಳಿ ತೂಗಬಹುದು. ಕೆಟ್ಟರೆ ಮತ್ತೆ ಅಲ್ಲಿಗೇ ಹೊರಬೇಕೆಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಎಲ್ಲಿ ಕೊಂಡರೂ ಜಿಎಸ್‌ಟಿ ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಬರೆಸಿಕೊಳ್ಳಿ.

ಕದ್ದ ಫೋಟೋಶಾಪ್ ಹಾಕಿಕೊಡುತ್ತೇವೆ ಎಂದರೆ ಬೇಡವೆನ್ನಿ. ಅದರ ಜೊತೆ ಏನೇನು ಒಳಗೆ ಬರುತ್ತದೆಂದು ಹಾಕುವವನಿಗೂ ಗೊತ್ತಿರುವುದಿಲ್ಲ. ತಿಂಗಳ ಬಾಡಿಗೆ ಹೊರೆಯಾದರೆ ಗಿಂಪ್, ಡಾರ್ಕ್‌ಟೇಬಲ್ ಎಂಬ ಉಚಿತ ತಂತ್ರಾಂಶಗಳಿವೆ. ಗಿಂಪ್‌ನ 3.0 ಆವೃತ್ತಿ 2025ರ ಮಾರ್ಚಿನಲ್ಲಿ ಬಂದಿದೆ. ಕಲಿಯಲು ಒಂದೆರಡು ವಾರ ಬೇಕು.

ಇನ್ನು ಫೋಟೋಗಳನ್ನು ಇಡುವ ಜಾಗ. ನಿಮ್ಮ ಮೇಲೆ ಮನೆಮಂದಿ ಇಟ್ಟ ನಂಬಿಕೆ ನಿಂತಿರುವುದು ಇಲ್ಲಿಯೇ. ರಾ ಫೋಟೋ ಒಂದಕ್ಕೆ 30 ಎಂಬಿ ಎಂದರೂ 2500 ಫೋಟೋಗಳ ಒಂದು ಮದುವೆ 75 ಜಿಬಿ. ಇಪ್ಪತ್ತು ಮದುವೆಗೆ ಒಂದೂವರೆ ಟಿಬಿ. ಸದ್ಯದ ಕೆಲಸಕ್ಕೆ 1 ಟಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ, ಮುಗಿದವಕ್ಕೆ ಅಗ್ಗದ ಹಾರ್ಡ್ ಡಿಸ್ಕ್. ಪ್ರತಿಯೊಂದು ಮದುವೆಯ ಪ್ರತಿ ಕನಿಷ್ಠ ಎರಡು ಡಿಸ್ಕಿನಲ್ಲಿ ಇರಬೇಕು, ಒಂದು ಬೇರೆ ಮನೆಯಲ್ಲಿರಬೇಕು. ತವರಿನ ಬೀರು ಇದಕ್ಕೆ ಒಳ್ಳೆಯ ಜಾಗ. ಆ ಡಿಸ್ಕಿಗೆ ಬೀಗ ಹಾಕಿ. ವಿಂಡೋಸ್ ಪ್ರೊನಲ್ಲಿ ಬಿಟ್‌ಲಾಕರ್ ಇದೆ, ಬೇರೆಯವರಿಗೆ ಉಚಿತವಾದ ವೆರಾಕ್ರಿಪ್ಟ್ ಇದೆ. ಗುಪ್ತಪದವನ್ನು ಕಾಗದದಲ್ಲಿ ಬರೆದು ಡಿಸ್ಕಿನಿಂದ ದೂರ ಇಡಿ. ಮರೆತರೆ ಫೋಟೋಗಳು ನಿಮಗೂ ಸಿಗುವುದಿಲ್ಲ.

ಹೊಸ ವಿಂಡೋಸ್ ಹಲವು ಬಾರಿ 'ಪಿಕ್ಚರ್ಸ್', 'ಡೆಸ್ಕ್‌ಟಾಪ್' ಫೋಲ್ಡರುಗಳಲ್ಲಿರುವುದನ್ನು ನಿಮಗೆ ಅರಿವಿಲ್ಲದೆಯೇ ಅಂತರ್ಜಾಲದ ಒನ್‌ಡ್ರೈವಿಗೆ ಏರಿಸುತ್ತದೆ. ಗಿರಾಕಿಗಳ ಫೋಟೋಗಳನ್ನು ಆ ಫೋಲ್ಡರುಗಳಲ್ಲಿ ಇಡದೆ ಬೇರೆ ಡ್ರೈವಿನಲ್ಲಿಡಿ, ಒನ್‌ಡ್ರೈವಿನ ಬ್ಯಾಕಪ್ ನಿಲ್ಲಿಸಿ. ಡೆಸ್ಕ್‌ಟಾಪಿನ ದೊಡ್ಡ ಗುಣವೆಂದರೆ ಡಿಸ್ಕನ್ನು ಬಿಚ್ಚಿ ತೆಗೆಯಬಹುದು. ರಿಪೇರಿಗೆ ಕೊಡುವಾಗ ಫೋಟೋಗಳಿರುವ ಡಿಸ್ಕ್ ತೆಗೆದು ಮನೆಯಲ್ಲೇ ಇಟ್ಟುಕೊಳ್ಳಿ.

ಕರೆಂಟು ಹೋದಾಗ ಕೆಲಸ ಉಳಿಸಿಕೊಳ್ಳಲು ಯುಪಿಎಸ್ ಬೇಕೇ ಬೇಕು. ಮನೆಯ ಇನ್ವರ್ಟರ್ ಬದಲಾಗುವಷ್ಟರಲ್ಲಿ ಕಂಪ್ಯೂಟರ್ ಆರಿಹೋಗುವುದುಂಟು. ಕರಾವಳಿಯಲ್ಲಿ ಮಳೆಗಾಲದ ಮುಂಚೆ ಸಿಡಿಲಿನ ದಿನಗಳಲ್ಲಿ ಪ್ಲಗ್ ಕಿತ್ತಿಡಿ, ಬ್ರಾಡ್‌ಬ್ಯಾಂಡಿನ ತಂತಿಯನ್ನೂ ಕಿತ್ತಿಡಿ. ಎಷ್ಟೋ ಬಾರಿ ಸಿಡಿಲು ಬರುವುದು ಆ ತಂತಿಯ ದಾರಿಯಲ್ಲೇ.

ಕೊನೆಗೆ ಆ ಹಳೆಯ ಲ್ಯಾಪ್‌ಟಾಪ್. ಹೊಸದು ಬಂದೊಡನೆ ಅದನ್ನು ಎಕ್ಸ್‌ಚೇಂಜಿಗೆ ಕೊಟ್ಟುಬಿಡುವ ಆತುರ ಬೇಡ. ಫೋಟೋಗಳನ್ನು ಅಳಿಸಿ, ಕಸದ ಬುಟ್ಟಿ ಖಾಲಿ ಮಾಡಿದ ಮಾತ್ರಕ್ಕೆ ಅವು ಹೋಗಿರುವುದಿಲ್ಲ. ಬಲ್ಲವರು ಮತ್ತೆ ಎತ್ತಬಲ್ಲರು. ವಿಂಡೋಸಿನ ಸೆಟ್ಟಿಂಗ್ಸ್‌ನಲ್ಲಿ 'ರೀಸೆಟ್ ದಿಸ್ ಪಿಸಿ' ತೆರೆದು, 'ರಿಮೂವ್ ಎವ್ರಿಥಿಂಗ್' ಒತ್ತಿ, ಒಳಗೆ 'ಕ್ಲೀನ್ ಡೇಟಾ' ಎಂಬುದನ್ನು ಆನ್ ಮಾಡಿ. ಕೆಲವು ಗಂಟೆ ಹಿಡಿಯಬಹುದು. ಅದಕ್ಕೂ ಮನಸ್ಸು ಒಪ್ಪದಿದ್ದರೆ ಡಿಸ್ಕ್ ಬಿಚ್ಚಿಸಿ ನಿಮ್ಮಲ್ಲೇ ಇಟ್ಟುಕೊಂಡು ಉಳಿದುದನ್ನು ಮಾರಿ. ಕೆಲವು ನೂರು ರೂಪಾಯಿ ಕಡಿಮೆ ಬಂದೀತು.